‘ದಿ ಜಂಗಲ್’ ಕಾದಂಬರಿಯೂ 1906ರ ಕಾಯಿದೆಯೂ: ಒಂದು ಹುಸಿ ವಿಜಯಗಾಥೆ

ಸಾಹಿತ್ಯವು ಸಮಾಜವನ್ನು ತಿದ್ದಬಲ್ಲದೇ ಎಂಬ ಪ್ರಶ್ನೆ ಎದುರಾದಾಗಲೆಲ್ಲ ಸಾಹಿತ್ಯ ಚರಿತ್ರೆಯ ಪಾಠಗಳಲ್ಲಿ ಸಿದ್ಧವಾಗಿ ದೊರೆಯುವ ಒಂದು ಉದಾಹರಣೆಯುಂಟು. ಅಪ್ಟನ್ ಸಿಂಕ್ಲೇರ್ 1906ರ ಆರಂಭದಲ್ಲಿ ‘ದಿ ಜಂಗಲ್’ ಕಾದಂಬರಿಯನ್ನು ಪ್ರಕಟಿಸಿದರು. ಅದೇ ವರ್ಷದ ಜೂನ್ 30ರಂದು ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಮಾಂಸ ತಪಾಸಣಾ ಕಾಯಿದೆಗೂ ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೂ ಸಹಿ ಹಾಕಿದರು. ಕಾದಂಬರಿ ಕಾರಣ, ಕಾಯಿದೆ ಕಾರ್ಯ. ಲೇಖನಿ ಗೆದ್ದಿತು, ಬಂಡವಾಳ ಸೋತಿತು. ಇಷ್ಟು ಹೇಳಿ ಪಾಠ ಮುಗಿಯುತ್ತದೆ. ಈ ಪಾಠವು ಅರ್ಧ ಸತ್ಯವಾದುದು. ಉಳಿದ ಅರ್ಧವನ್ನು ಮರೆಮಾಚುವುದರಿಂದ ಪೂರ್ಣ ಅಸತ್ಯಕ್ಕಿಂತಲೂ ಹೆಚ್ಚು ದಾರಿ ತಪ್ಪಿಸುವಂಥದು.

ಕಾದಂಬರಿಯ ಉದ್ದೇಶವೇನಿತ್ತೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1904ರ ಬೇಸಿಗೆಯಲ್ಲಿ ಷಿಕಾಗೋ ನಗರದ ಕಸಾಯಿಖಾನೆಗಳ ಕಾರ್ಮಿಕರು ಮುಷ್ಕರ ಹೂಡಿ ಸೋತರು. ಆ ಸೋಲಿನ ಬೆನ್ನಿಗೇ ಸಿಂಕ್ಲೇರ್ ಅಲ್ಲಿಗೆ ಹೋಗಿ ಏಳು ವಾರಗಳ ಕಾಲ ಕಾರ್ಮಿಕರ ನಡುವೆ ಓಡಾಡಿದರು. ಬರೆದುದನ್ನು 1905ರಲ್ಲಿ ‘ಅಪೀಲ್ ಟು ರೀಸನ್’ ಎಂಬ ಸಮಾಜವಾದಿ ಪತ್ರಿಕೆ ಧಾರಾವಾಹಿಯಾಗಿ ಪ್ರಕಟಿಸಿತು. ಗ್ರಂಥವು ಅಮೆರಿಕದ ದುಡಿಯುವ ಜನರಿಗೆ ಅರ್ಪಿತವಾಗಿದೆ. ಲಿಥುವೇನಿಯಾದಿಂದ ವಲಸೆ ಬಂದ ಯೂರ್ಗಿಸ್ ರುಡ್ಕುಸ್ ಮದುವೆಯ ಔತಣದಿಂದ ಆರಂಭಿಸಿ ಗಾಯ, ನಿರುದ್ಯೋಗ, ಸೆರೆಮನೆ, ಪತ್ನೀವಿಯೋಗ, ಪುತ್ರಶೋಕಗಳನ್ನು ಹಾದುಹೋಗುವ ಕಥೆ ಅದು. ಕೊಳೆತ ಮಾಂಸದ ವರ್ಣನೆ ಅದರಲ್ಲಿರುವುದು ಕೆಲವೇ ಪುಟಗಳಷ್ಟು. ಉಳಿದುದೆಲ್ಲ ಮನುಷ್ಯರ ಬವಣೆ. ರಾಷ್ಟ್ರವು ಓದಿದ್ದು ಆ ಕೆಲವು ಪುಟಗಳನ್ನು ಮಾತ್ರ. ಹೃದಯಕ್ಕೆ ಹಿಡಿದ ಗುರಿ ಆಕಸ್ಮಿಕವಾಗಿ ಹೊಟ್ಟೆಗೆ ತಾಗಿತೆಂದು ಸಿಂಕ್ಲೇರ್ ತಾವೇ ಹಳಹಳಿಸಿದರು. ಲೇಖಕನೇ ಸೋಲೆಂದು ಒಪ್ಪಿಕೊಂಡದ್ದನ್ನು ವಿಮರ್ಶಕರು ಗೆಲುವೆಂದು ಕೊಂಡಾಡುತ್ತಿರುವುದು ವಿಚಿತ್ರವಾಗಿದೆ.

ಕಾಯಿದೆಯು ಏನನ್ನು ಸಾಧಿಸಿತು? ವಧೆಗೆ ಮುನ್ನ ಪ್ರಾಣಿಯ ಪರೀಕ್ಷೆ, ವಧೆಯ ಅನಂತರ ದೇಹದ ಪರೀಕ್ಷೆ, ಕಾರ್ಖಾನೆಯ ನೈರ್ಮಲ್ಯ, ಸರಕಾರದ ಮುದ್ರೆ ಇವು ಕಡ್ಡಾಯವಾದವು. ಇದು ಸಣ್ಣ ಉಪಕಾರವಲ್ಲ. ಆದರೆ ಯೂರ್ಗಿಸನ ಕೂಲಿ, ಕೆಲಸದ ಅವಧಿ, ಗಾಯಗೊಂಡ ಕಾಲಿಗೆ ಪರಿಹಾರ, ಅವನ ಕುಟುಂಬದ ಬಾಲಕರ ದುಡಿಮೆ ಇವುಗಳಲ್ಲಿ ಒಂದಕ್ಕೂ ಆ ಕಾಯಿದೆಯಲ್ಲಿ ಸ್ಥಾನವಿಲ್ಲ. ಉಣ್ಣುವವನ ತಟ್ಟೆ ಶುದ್ಧವಾಯಿತು. ತಟ್ಟೆಯನ್ನು ತುಂಬಿಸಿದವನು ಇದ್ದಲ್ಲಿಯೇ ಉಳಿದನು.

ಬಂಡವಾಳ ಸೋತಿತೆಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. 1880ರ ದಶಕದಲ್ಲಿ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳು ಅಮೆರಿಕದ ಹಂದಿಮಾಂಸವನ್ನು ನಿಷೇಧಿಸಿದ್ದವು. ರಫ್ತು ಉಳಿಯಬೇಕಾದರೆ ಸರಕಾರದ ಪ್ರಮಾಣಮುದ್ರೆ ಬೇಕೆಂಬುದು ದೊಡ್ಡ ಉದ್ಯಮಿಗಳಿಗೆ ಆಗಲೇ ತಿಳಿದಿತ್ತು. 1891ರಷ್ಟು ಹಿಂದೆಯೇ ಒಂದು ತಪಾಸಣಾ ಕಾಯಿದೆ ಬಂದಿತ್ತು. 1906ರಲ್ಲಿ ಅವರು ಹೋರಾಡಿದ್ದು ಮುಖ್ಯವಾಗಿ ವೆಚ್ಚವನ್ನು ಯಾರು ಭರಿಸಬೇಕೆಂಬುದರ ಬಗ್ಗೆ. ಕೊನೆಗೆ ಆ ಹೊರೆ ಬಿದ್ದದ್ದು ಸರಕಾರದ ಬೊಕ್ಕಸದ ಮೇಲೆ, ವರ್ಷಕ್ಕೆ 30 ಲಕ್ಷ ಡಾಲರುಗಳಷ್ಟು. ಡಬ್ಬಿಯ ಮೇಲೆ ತಪಾಸಣೆಯ ದಿನಾಂಕವನ್ನು ನಮೂದಿಸಬೇಕೆಂಬ ಸೂಚನೆಯೂ ಬಿದ್ದುಹೋಯಿತು. ಇತಿಹಾಸಕಾರ ಗೇಬ್ರಿಯಲ್ ಕೋಲ್ಕೋ 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಾಲದ ನಿಯಂತ್ರಣಗಳು ದೊಡ್ಡ ಉದ್ಯಮಗಳ ಹಿತಕ್ಕೆ ಒದಗಿದ ಬಗೆಯನ್ನು ವಿವರಿಸಿದ್ದಾರೆ. ಅವರ ನಿಲುವನ್ನು ಪೂರ್ತಿಯಾಗಿ ಒಪ್ಪದವರೂ ಈ ಸಂಗತಿಗಳನ್ನು ಅಲ್ಲಗಳೆಯಲಾರರು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. 1905ರ ಲಾಕ್ನರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬೇಕರಿ ಕೆಲಸಗಾರರ ದುಡಿಮೆಯ ಅವಧಿಗೆ ಮಿತಿ ಹಾಕಿದ ನ್ಯೂಯಾರ್ಕ್ ಕಾಯಿದೆಯನ್ನು ರದ್ದುಪಡಿಸಿತ್ತು. ಕಾರ್ಮಿಕ ಕಾನೂನುಗಳ ದಾರಿ ಮುಚ್ಚಿದ್ದಾಗ ಕಾದಂಬರಿಯೊಂದು ಇನ್ನೇನು ಮಾಡಲು ಸಾಧ್ಯ? ಆಕ್ಷೇಪ ಸಮಂಜಸವೇ. ಆದರೆ ಅದು ವಿಜಯಗಾಥೆಯನ್ನು ಕಾಪಾಡುವುದಿಲ್ಲ, ಕೆಡವುತ್ತದೆ. ಕಾನೂನಿನ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದೇ ಫಲಿತಾಂಶವನ್ನು ನಿರ್ಧರಿಸಿತೆಂದಾದರೆ, ಆ ಶ್ರೇಯಸ್ಸನ್ನು ಲೇಖನಿಗೆ ಕಟ್ಟುವುದು ಹೇಗೆ?

ಈ ಮಾತಿಗೆ ಅದೇ ಷಿಕಾಗೋ ನಗರದಲ್ಲಿ ಇನ್ನೊಂದು ಸಾಕ್ಷ್ಯವಿದೆ. ಐಡಾ ಬಿ. ವೆಲ್ಸ್ 1892ರಲ್ಲಿ ‘ಸದರ್ನ್ ಹಾರರ್ಸ್’, 1895ರಲ್ಲಿ ‘ಎ ರೆಡ್ ರೆಕಾರ್ಡ್’ ಎಂಬ ಪುಸ್ತಿಕೆಗಳನ್ನು ಹೊರತಂದರು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಕ್ರೌರ್ಯವನ್ನು ಬಿಳಿಯರ ಪತ್ರಿಕೆಗಳೇ ಪ್ರಕಟಿಸಿದ ಅಂಕಿ ಅಂಶಗಳಿಂದ ಅವರು ಸಾಬೀತುಪಡಿಸಿದರು. ಮೆಂಫಿಸ್ ನಗರದಲ್ಲಿದ್ದ ಅವರ ಪತ್ರಿಕಾ ಕಚೇರಿಯನ್ನು ದೊಂಬಿಗಾರರು ಧ್ವಂಸ ಮಾಡಿದ್ದರು. ಸಾಕ್ಷ್ಯದ ಬಲದಲ್ಲಿ, ಧೈರ್ಯದಲ್ಲಿ, ಗದ್ಯದ ನಿಷ್ಠುರತೆಯಲ್ಲಿ ಅವರ ಬರಹ ಸಿಂಕ್ಲೇರ್ ಬರಹಕ್ಕೆ ಕಡಿಮೆಯದಲ್ಲ. ಆದರೂ ಈ ಹತ್ಯೆಗಳ ವಿರುದ್ಧದ ಮಸೂದೆ 1922ರಲ್ಲಿ ಕೆಳಮನೆಯನ್ನು ದಾಟಿ ಸೆನೆಟ್‌ನಲ್ಲಿ ನೆಲಕಚ್ಚಿತು. ಒಕ್ಕೂಟದ ಕಾಯಿದೆ ಬಂದದ್ದು 2022ರಲ್ಲಿ. ಒಂದು ಕಾದಂಬರಿಗೆ ಕೆಲವೇ ತಿಂಗಳುಗಳು ಸಾಕಾದವು, ಒಬ್ಬ ಮಹಿಳೆಯ ಪುಸ್ತಿಕೆಗಳಿಗೆ ಶತಮಾನವೂ ಸಾಲಲಿಲ್ಲ. ವ್ಯತ್ಯಾಸವಿದ್ದದ್ದು ಬರಹದ ಶಕ್ತಿಯಲ್ಲಲ್ಲ, ಓದುವವರ ಸ್ವಾರ್ಥದಲ್ಲಿ. ಕೊಳೆತ ಮಾಂಸ ಪ್ರತಿಯೊಬ್ಬ ಓದುಗನ ಮನೆಗೂ ಬರಬಹುದಿತ್ತು. ನೇಣಿನ ಹಗ್ಗ ಬರುವಂತಿರಲಿಲ್ಲ.

‘ದಿ ಜಂಗಲ್’ ಈ ದೋಷದಿಂದ ಹೊರತಾದ ಕೃತಿಯೂ ಅಲ್ಲ. ಮುಷ್ಕರ ಮುರಿಯಲು ಕರೆತಂದ ಕಪ್ಪು ಕಾರ್ಮಿಕರನ್ನು ಅದು ಚಿತ್ರಿಸುವ ರೀತಿ ಹೇಯವಾದುದು. ವಲಸಿಗನ ಬಗ್ಗೆ ಕರುಣೆಯ ಹೊಳೆ ಹರಿಸುವ ಲೇಖನಿ, ಅವನಷ್ಟೇ ನಿರ್ಗತಿಕರಾದವರ ಎದುರು ಬತ್ತಿಹೋಗುತ್ತದೆ. ಕೃತಿಯನ್ನು ಸುಧಾರಣೆಯ ಮಾದರಿಯೆಂದು ಪಠ್ಯವಾಗಿಡುವವರು ಈ ಪುಟಗಳನ್ನು ಮೌನವಾಗಿ ದಾಟಿಹೋಗುವುದು ವಿದ್ವತ್ತಿಗೆ ಶೋಭಿಸುವುದಿಲ್ಲ.

ಜೈನ ಆಚಾರಶಾಸ್ತ್ರದ ಒಂದು ವಿಂಗಡಣೆ ಇಲ್ಲಿ ಬಹಳ ನೆರವಾಗುತ್ತದೆ. ತಾನೇ ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಮಾಡಿದ್ದಕ್ಕೆ ಸಮ್ಮತಿಸಿದ್ದು ಅನುಮತ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದಲ್ಲಿ ಈ ಮೂರನ್ನು ಸಂರಂಭ, ಸಮಾರಂಭ, ಆರಂಭಗಳೊಡನೆಯೂ ಮೂರು ಯೋಗಗಳೊಡನೆಯೂ ನಾಲ್ಕು ಕಷಾಯಗಳೊಡನೆಯೂ ಗುಣಿಸಿದಾಗ 108 ಭೇದಗಳಾಗುತ್ತವೆ. ಷಿಕಾಗೋದ ಅಂಗಳಕ್ಕೆ ಇದನ್ನು ಅನ್ವಯಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕತ್ತಿ ಹಿಡಿದ ಕೂಲಿಯವನದು ಕೃತ, ಹಿಡಿಸಿದ ಒಡೆಯನದು ಕಾರಿತ, ಕೊಂಡು ಉಂಡ ನಾಗರಿಕನದು ಅನುಮತ. 1906ರ ಸುಧಾರಣೆಯು ಈ ಮೂರನೆಯವನಿಗಾಗಿ ನಡೆದದ್ದು. ಅವನ ಆರೋಗ್ಯಕ್ಕೆ ಭರವಸೆ ಸಿಕ್ಕಿತು, ಜೊತೆಗೆ ಅವನ ಮನಸ್ಸಿಗೆ ನಿಶ್ಚಿಂತೆಯೂ ಸಿಕ್ಕಿತು. ಸರಕಾರದ ಮುದ್ರೆ ಬಿದ್ದ ಮೇಲೆ ಕೂಲಿಯವನ ಗತಿಯನ್ನು ಅವನು ಕೇಳಬೇಕಾಗಿರಲಿಲ್ಲ. ಸಾಲುಸಾಲಾಗಿ ಸರಪಳಿಗೆ ಏರುತ್ತಿದ್ದ ಮೂಕ ಜೀವಿಗಳ ಪ್ರಶ್ನೆಯಂತೂ ಆ ಶಾಸನದ ದಿಗಂತದಲ್ಲಿಯೇ ಇರಲಿಲ್ಲ. ಅವುಗಳ ರೋಗವನ್ನು ಶಾಸನ ಗಮನಿಸಿತು, ನೋವನ್ನಲ್ಲ. 1893ರಲ್ಲಿ ಇದೇ ನಗರದ ಸರ್ವಧರ್ಮ ಸಮ್ಮೇಳನಕ್ಕೆ ಜೈನರ ಪ್ರತಿನಿಧಿಯಾಗಿ ಬಂದಿದ್ದವರು ವೀರಚಂದ ರಾಘವಜೀ ಗಾಂಧಿ. ಅಹಿಂಸೆಯ ಧರ್ಮವನ್ನು ಅವರು ಪ್ರತಿಪಾದಿಸಿದ ನಗರದಲ್ಲಿಯೇ ಆ ಅಂಗಳಗಳು ಹಗಲೆಲ್ಲ ಕೆಲಸ ಮಾಡುತ್ತಿದ್ದವು.

ಹಾಗಾದರೆ ಕಾರ್ಮಿಕನ ಸ್ಥಿತಿ ಬದಲಾದದ್ದು ಯಾವಾಗ? ಮೂರು ದಶಕಗಳ ಅನಂತರ. 1937ರಲ್ಲಿ ಮಾಂಸೋದ್ಯಮದ ಕಾರ್ಮಿಕರ ಸಂಘಟನಾ ಸಮಿತಿ ರೂಪುಗೊಂಡಿತು, 1943ರಲ್ಲಿ ಅದು ಪೂರ್ಣ ಪ್ರಮಾಣದ ಸಂಘವಾಯಿತು. 1938ರಲ್ಲಿ ಕನಿಷ್ಠ ಕೂಲಿ ಮತ್ತು ಕೆಲಸದ ಅವಧಿಯ ಒಕ್ಕೂಟ ಕಾಯಿದೆ ಬಂದಿತು. ಷಿಕಾಗೋದಲ್ಲಿ ಆ ಸಂಘವನ್ನು ಕಟ್ಟಿದವರಲ್ಲಿ ಕಪ್ಪು ಕಾರ್ಮಿಕರೂ ಬಿಳಿಯ ಕಾರ್ಮಿಕರೂ ಜೊತೆಗೂಡಿದ್ದರು. ಕಾದಂಬರಿಯು ಯಾರನ್ನು ಹೀನವಾಗಿ ಕಂಡಿತೋ, ಅವರೇ ಅದರ ನಾಯಕನ ಬಿಡುಗಡೆಗೆ ಹೆಗಲು ಕೊಟ್ಟರು. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಈ ಅಧ್ಯಾಯಕ್ಕೆ ಒಂದು ಸಾಲೂ ಸಿಗುವುದು ಅಪರೂಪ.

ಇದರಿಂದ ಸಾಹಿತ್ಯ ನಿಷ್ಪ್ರಯೋಜಕವೆಂದು ಹೇಳಿದಂತಾಗುವುದಿಲ್ಲ. ‘ದಿ ಜಂಗಲ್’ ಓದಬೇಕಾದ ಕೃತಿಯೇ. ಕೊಳೆತ ಮಾಂಸದ ಪುಟಗಳಿಗಿಂತ ಮಿಗಿಲಾಗಿ ಮದುವೆಯ ಔತಣದ ಪುಟಗಳನ್ನು ಓದಬೇಕು. ಸಾಲ ಮಾಡಿ ಉಣಬಡಿಸುವ ಬಡವರ ಘನತೆ ಅಲ್ಲಿದೆ. ಆಕ್ಷೇಪವಿರುವುದು ಕಾರಣ ಮತ್ತು ಕಾರ್ಯಗಳನ್ನು ಎರಡು ವಾಕ್ಯಗಳಲ್ಲಿ ಹೊಲಿದುಬಿಡುವ ಸೋಮಾರಿ ವಿಮರ್ಶೆಗೆ. ಒಂದು ಕೃತಿಯಿಂದ ಒಂದು ಕಾಯಿದೆ ಹುಟ್ಟಿತೆಂದು ಯಾರಾದರೂ ಹೇಳಿದರೆ, ಸಂಶೋಧಕನು ಆ ಕಾಯಿದೆಯನ್ನು ತೆರೆದು ಓದಬೇಕು. ಕೃತಿಯಲ್ಲಿ ಅತ್ತವರ ಹೆಸರು ಕಾಯಿದೆಯಲ್ಲಿ ಇದೆಯೇ ಎಂದು ನೋಡಬೇಕು. 1906ರ ಕಾಯಿದೆಯಲ್ಲಿ ಅದು ಇರಲಿಲ್ಲ.