ಕಡತ ಅದೇ, ಓದಿದವರು ಬೇರೆ

2014ರ ಮೇ 16ರಂದು ದೇಶದ ಕಣ್ಣೆಲ್ಲ ಲೋಕಸಭಾ ಚುನಾವಣೆಯ ಮತ ಎಣಿಕೆಯ ಮೇಲೆ ನೆಟ್ಟಿತ್ತು. ಅದೇ ದಿನ ಸುಪ್ರೀಮ್ ಕೋರ್ಟಿನಲ್ಲಿ ನ್ಯಾಯಮೂರ್ತಿ ಎ.ಕೆ. ಪಟ್ನಾಯಕ್ ಮತ್ತು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ. ಗೋಪಾಲ ಗೌಡರನ್ನೊಳಗೊಂಡ ಪೀಠವು ಅಕ್ಷರಧಾಮ ಪ್ರಕರಣದ ಮೇಲ್ಮನವಿಗಳ ತೀರ್ಪು ನೀಡಿ, ಶಿಕ್ಷೆಗೊಳಗಾಗಿದ್ದ ಆರು ಮಂದಿಯನ್ನೂ ದೋಷಮುಕ್ತಗೊಳಿಸಿತು. ಅವರಲ್ಲಿ ಮೂವರು ಗಲ್ಲು ಶಿಕ್ಷೆಗೆ ಗುರಿಯಾಗಿದ್ದವರು. ವಿಜಯೋತ್ಸವದ ಗದ್ದಲದಲ್ಲಿ ಆ ತೀರ್ಪು ಅನೇಕರ ಕಿವಿಗೆ ಬೀಳಲೇ ಇಲ್ಲ. ಬಿದ್ದವರೂ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು: ತಡವಾದರೂ ನ್ಯಾಯ ಸಿಕ್ಕಿತಲ್ಲ!

ಈ ಮಾತನ್ನು ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ನ್ಯಾಯ ಸಿಕ್ಕಿದ್ದು ಯಾರಿಗೆ?

2002ರ ಸೆಪ್ಟೆಂಬರ್ 24ರಂದು ಗಾಂಧಿನಗರದ ಅಕ್ಷರಧಾಮ ಮಂದಿರಕ್ಕೆ ನುಗ್ಗಿದ ಇಬ್ಬರು ಬಂದೂಕುಧಾರಿಗಳು 30ಕ್ಕೂ ಹೆಚ್ಚು ಜನರ ಪ್ರಾಣ ತೆಗೆದರು. ದರ್ಶನಕ್ಕೆ ಬಂದಿದ್ದ ಅಮಾಯಕರವರು. ಕೊಂದವರಿಬ್ಬರೂ ಕಮಾಂಡೋಗಳ ಗುಂಡಿಗೆ ಬಲಿಯಾದರು. ಅವರನ್ನು ಕಳುಹಿಸಿದವರಾರು ಎಂಬ ಪ್ರಶ್ನೆಗೆ ಸುಮಾರು 11 ತಿಂಗಳ ಕಾಲ ತನಿಖಾಧಿಕಾರಿಗಳ ಬಳಿ ಉತ್ತರವಿರಲಿಲ್ಲ. 2003ರ ಆಗಸ್ಟ್ ಕೊನೆಯಲ್ಲಿ ತನಿಖೆಯು ಅಹ್ಮದಾಬಾದಿನ ಕ್ರೈಮ್ ಬ್ರಾಂಚಿನ ಕೈಸೇರಿದ್ದೇ ತಡ, ಪವಾಡವೆಂಬಂತೆ ಎಲ್ಲವೂ ಬಯಲಾಯಿತು. ಬಂಧನಗಳಾದವು, ತಪ್ಪೊಪ್ಪಿಗೆಗಳು ಸಾಲುಗಟ್ಟಿದವು. 2006ರಲ್ಲಿ ವಿಶೇಷ ಪೋಟಾ ನ್ಯಾಯಾಲಯವು ಮೂವರಿಗೆ ಗಲ್ಲು, ಒಬ್ಬರಿಗೆ ಜೀವಾವಧಿ, ಉಳಿದಿಬ್ಬರಿಗೆ 10 ಮತ್ತು 5 ವರ್ಷಗಳ ಸೆರೆವಾಸ ವಿಧಿಸಿತು. 2010ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಮೇಲ್ಮನವಿ ಎಂದರೆ ಹೊಸ ವಿಚಾರಣೆಯಲ್ಲ. ಸಾಮಾನ್ಯವಾಗಿ ಅಲ್ಲಿ ಹೊಸ ಸಾಕ್ಷಿಗಳು ಕಟಕಟೆ ಹತ್ತುವುದಿಲ್ಲ. ಕೆಳಗಿನ ನ್ಯಾಯಾಲಯ ಓದಿದ ಕಡತವನ್ನೇ ಮೇಲಿನವರು ಮತ್ತೊಮ್ಮೆ ಓದುತ್ತಾರೆ. ಹಾಗಿದ್ದರೆ 2014ರಲ್ಲಿ ಸುಪ್ರೀಮ್ ಕೋರ್ಟಿಗೆ ಕಂಡದ್ದೇನು?

ಹಂತಕರ ಪ್ಯಾಂಟಿನ ಜೇಬಿನಲ್ಲಿ ದೊರೆತವೆನ್ನಲಾದ ಎರಡು ಉರ್ದು ಪತ್ರಗಳನ್ನೇ ತೆಗೆದುಕೊಳ್ಳಿ. ಅವನ್ನು ಬರೆದುಕೊಟ್ಟವರು ಒಬ್ಬ ಮುಫ್ತಿ ಎಂಬುದು ಪೊಲೀಸರ ವಾದ. ಗುಂಡುಗಳು ಆ ದೇಹಗಳನ್ನು ಜರಡಿಯಂತೆ ತೂತು ಮಾಡಿದ್ದವು, ಬಟ್ಟೆಗಳು ರಕ್ತದಲ್ಲಿ ತೊಯ್ದಿದ್ದವು. ಆದರೆ ಜೇಬಿನೊಳಗಿನ ಕಾಗದಕ್ಕೆ ತೂತೂ ಇಲ್ಲ, ಕಲೆಯೂ ಇಲ್ಲ! ಇದನ್ನು ನಂಬಲಾಗದು ಎನ್ನಲು ಕಾನೂನು ಪಾಂಡಿತ್ಯ ಬೇಕೇ? ಮನೆಯಲ್ಲಿ ಬಟ್ಟೆ ಒಗೆಯುವ ತಾಯಿಯೂ ಹೇಳಬಲ್ಲಳು. ಗಲ್ಲು ಶಿಕ್ಷೆ ವಿಧಿಸಿದ ನ್ಯಾಯಾಲಯದ ಮುಂದೆಯೂ ಇದ್ದದ್ದು ಅದೇ ಕಾಗದ, ಅದೇ ಬಟ್ಟೆ.

ಇನ್ನು ತಪ್ಪೊಪ್ಪಿಗೆಗಳು. ಹೇಳಿಕೆ ದಾಖಲಾದ ಬಳಿಕ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಕಳುಹಿಸಬೇಕೆಂದು ಪೋಟಾ ಕಾಯ್ದೆಯೇ ಹೇಳಿತ್ತು. ಇವರನ್ನು ಮರಳಿ ಪೊಲೀಸರ ವಶಕ್ಕೇ ಒಪ್ಪಿಸಲಾಯಿತು. ಚಿತ್ರಹಿಂಸೆ ನಡೆಯಿತೇ ಎಂದು ಮ್ಯಾಜಿಸ್ಟ್ರೇಟರು ವಿಚಾರಿಸುವ ಗೋಜಿಗೂ ಹೋಗಲಿಲ್ಲ. ಮೊಕದ್ದಮೆಗೆ ಗುಜರಾತಿನ ಗೃಹ ಸಚಿವರು ನೀಡಿದ ಮಂಜೂರಾತಿಯಲ್ಲಿ ವಿವೇಚನೆಯೇ ಕಾಣುವುದಿಲ್ಲ ಎಂದಿತು ಸುಪ್ರೀಮ್ ಕೋರ್ಟ್. ನಿಜವಾದ ಅಪರಾಧಿಗಳನ್ನು ಬಿಟ್ಟು ಅಮಾಯಕರ ಮೇಲೆ ಘೋರ ಆರೋಪ ಹೊರಿಸಲಾಯಿತೆಂದು ವಿಷಾದಿಸಿತು.

ಹೊಸದೇನೂ ಹೊರಬರಲಿಲ್ಲ. ಕಡತ ಅದೇ, ಓದಿದವರು ಬೇರೆ. ಬಂಧನದಿಂದ ಈ ತೀರ್ಪಿನವರೆಗಿನ ಹನ್ನೊಂದು ವರ್ಷಗಳು ಸತ್ಯವನ್ನು ಹುಡುಕಲು ತಗುಲಿದ ಕಾಲವಲ್ಲ. ಕಣ್ಣ ಮುಂದಿನ ಸತ್ಯವನ್ನು ಓದಲು ಒಪ್ಪದ ಕಾಲ. ಮಂದಿರದಲ್ಲಿ ಮಡಿದವರ ಮನೆಯವರಿಗೂ ಈ ವರ್ಷಗಳು ಕೊಟ್ಟದ್ದೇನು? ಅವರಿಗೂ ವಂಚನೆಯೇ ಆಯಿತಲ್ಲವೇ? ಅವರ ಹೆಸರಿನಲ್ಲಿ ತಪ್ಪು ಮನುಷ್ಯರನ್ನು ನೇಣಿಗೇರಿಸಲು ಹೊರಟವರನ್ನು ಅವರೂ ಪ್ರಶ್ನಿಸಬೇಕಾಗಿದೆ.

ಬಿಡುಗಡೆಯಾದವರು ಪರಿಹಾರ ಕೋರಿದಾಗ 2016ರಲ್ಲಿ ಅದೇ ಸುಪ್ರೀಮ್ ಕೋರ್ಟ್ ಆ ಅರ್ಜಿಯನ್ನು ಪರಿಗಣಿಸಲು ನಿರಾಕರಿಸಿತು. ಇಂತಹ ಅನ್ಯಾಯ ಮುಸ್ಲಿಮರಿಗಷ್ಟೇ ಎಂದು ಹೇಳಿದರೆ ಅದೂ ಅರ್ಧಸತ್ಯವೇ. ಮಹಾರಾಷ್ಟ್ರದ ಅಲೆಮಾರಿ ಬುಡಕಟ್ಟಿನ ಆರು ಮಂದಿಗೆ 2009ರಲ್ಲಿ ಗಲ್ಲನ್ನು ಕಾಯಂಗೊಳಿಸಿದ್ದ ಸುಪ್ರೀಮ್ ಕೋರ್ಟ್, 2019ರಲ್ಲಿ ಅವರು ನಿರ್ದೋಷಿಗಳೆಂದಿತು. ಹೈಕೋರ್ಟ್ ಅವರಲ್ಲಿ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದ್ದರೂ 2009ರಲ್ಲಿ ಅದನ್ನು ಮತ್ತೆ ಗಲ್ಲಿಗೆ ಏರಿಸಲಾಗಿತ್ತು! ಅವರಿಗೆ ತಲಾ 5 ಲಕ್ಷ ರೂಪಾಯಿ ಕೊಡಿಸಲಾಯಿತು. ಒಬ್ಬರಿಗೆ ಪರಿಹಾರ, ಇನ್ನೊಬ್ಬರಿಗೆ ನಿರಾಕರಣೆ. ಇದಕ್ಕೊಂದು ಕಾನೂನು ಬೇಕೆಂದು ಕಾನೂನು ಆಯೋಗವು 2018ರ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯನ್ನು ಕಿತ್ತೊಗೆದು 2024ರ ಜುಲೈಯಿಂದ ಹೊಸದನ್ನು ಜಾರಿಗೊಳಿಸಿದ ಸರಕಾರಕ್ಕೆ ಆ ಶಿಫಾರಸು ಮಾತ್ರ ನೆನಪಾಗಲಿಲ್ಲ.

ಪೋಟಾ 2004ರಲ್ಲಿ ರದ್ದಾಯಿತು, ಆದರೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಪುರಾವೆಯಾಗಿ ಒಪ್ಪುವ ಕಾನೂನು ಸಾಯಲಿಲ್ಲ. ಮಹಾರಾಷ್ಟ್ರದ ಸಂಘಟಿತ ಅಪರಾಧ ಕಾಯ್ದೆಯಲ್ಲಿ ಅದು ಜೀವಂತವಿದೆ. 2006ರ ಮುಂಬೈ ರೈಲು ಸ್ಫೋಟಗಳಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಆ ಪ್ರಕರಣದಲ್ಲಿ 2015ರಲ್ಲಿ ಶಿಕ್ಷೆಗೊಳಗಾದ 12 ಮಂದಿಯನ್ನು ಬಾಂಬೆ ಹೈಕೋರ್ಟ್ ದೋಷಮುಕ್ತಗೊಳಿಸಿದ್ದು 2025ರ ಜುಲೈಯಲ್ಲಿ. ಅಷ್ಟರಲ್ಲಿ ಒಬ್ಬರು ಜೈಲಿನಲ್ಲೇ ತೀರಿಕೊಂಡಿದ್ದರು. ಮೂರೇ ದಿನಗಳಲ್ಲಿ ಸುಪ್ರೀಮ್ ಕೋರ್ಟ್, ಬಿಡುಗಡೆಯಾದವರು ಮರಳಿ ಜೈಲಿಗೆ ಹೋಗಬೇಕಿಲ್ಲ, ಆದರೆ ಆ ತೀರ್ಪು ಪೂರ್ವನಿದರ್ಶನವಾಗಬಾರದು ಎಂದು ತಡೆ ನೀಡಿತು.

ನಮ್ಮ ರಾಜ್ಯದ 2000ದ ಸಂಘಟಿತ ಅಪರಾಧ ಕಾಯ್ದೆಯಲ್ಲಿಯೂ ಅಂಥದೇ ಕಲಮು ಇದೆ. ಗೌರಿ ಲಂಕೇಶ್ ಹತ್ಯೆಯ ಆರೋಪಿಗಳ ಮೇಲೆ ಆ ಕಾಯ್ದೆ ಹೇರಿದಾಗ ನಮ್ಮಲ್ಲಿ ಕೆಲವರು ಸಮಾಧಾನಪಟ್ಟರು. ಗೌರಿಯ ಹಂತಕರಿಗೆ ಶಿಕ್ಷೆಯಾಗಲೇಬೇಕು. ಆದರೆ ಠಾಣೆಯ ನಾಲ್ಕು ಗೋಡೆಗಳೊಳಗೆ ಹೊರಡಿಸಿದ ಹೇಳಿಕೆ ಅಹ್ಮದಾಬಾದಿನಲ್ಲಿ ಅನ್ಯಾಯವಾಗಿ ಬೆಂಗಳೂರಿನಲ್ಲಿ ನ್ಯಾಯವಾಗುವುದು ಹೇಗೆ? ಆರೋಪಿಯ ಹೆಸರು ನೋಡಿ ಕಾನೂನನ್ನು ತೂಗುವುದಾದರೆ ನಮಗೂ ಆ ತನಿಖಾಧಿಕಾರಿಗಳಿಗೂ ಏನು ವ್ಯತ್ಯಾಸ?

ಇನ್ನು ನಮ್ಮ ಮೊಹಲ್ಲಾಗಳ ವಿಷಯ. ಬಂಧನದ ದಿನ ಟಿವಿ ಹೇಳಿದ್ದನ್ನೇ ನಂಬಿ ಆ ಮನೆಯ ಬಾಗಿಲು ತುಳಿಯದವರು ನಾವೇ, ಬಿಡುಗಡೆಯ ದಿನ ಹಾರ ಹಿಡಿದು ನಿಲ್ಲುವವರೂ ನಾವೇ. ನಡುವಿನ ವರ್ಷಗಳಲ್ಲಿ ವಕೀಲರ ಕಚೇರಿಗೆ ಅಲೆದದ್ದು ಒಬ್ಬ ವೃದ್ಧ ತಂದೆ, ಇಲ್ಲವೇ ಬುರ್ಖಾದೊಳಗೆ ಕಣ್ಣೀರು ಬಚ್ಚಿಟ್ಟ ಪತ್ನಿ. ಅಕ್ಷರಧಾಮದ ಮೇಲ್ಮನವಿಗೆ ಜಮೀಅತ್ ಉಲಮಾಯೆ ಹಿಂದ್ ಹೆಗಲು ಕೊಟ್ಟಿತು. ಎಲ್ಲ ಪ್ರಕರಣಗಳಿಗೂ ಜಮೀಅತ್ ಬರುವುದಿಲ್ಲ. ಜಮಾಅತ್ ಕಮಿಟಿಗಳ ಹೊಣೆಗಾರರು ಇಷ್ಟನ್ನಾದರೂ ಬಲ್ಲವರಾಗಿರಲಿ: ಸೆರೆಯಲ್ಲಿರುವ ಯಾರೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರಿಗೆ ಹಕ್ಕುದಾರರು. ಶಿಕ್ಷೆಯಾದ ಕೂಡಲೇ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸೆಷನ್ಸ್ ನ್ಯಾಯಾಲಯದ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಇರುವುದು 60 ದಿನ, ಗಲ್ಲು ಶಿಕ್ಷೆಯಾದರೆ 30 ದಿನ ಮಾತ್ರ.