ಚೌಕದೊಳಗಿನ ಅಕ್ಷರ

ಧಾರವಾಡದ ಕಡೆಯ ಹೆಣ್ಣುಮಕ್ಕಳು ಬಟ್ಟೆಯ ಎಳೆಗಳನ್ನು ಎಣಿಸಿ ಕಸೂತಿ ಹಾಕುತ್ತಾರೆ. ಗೋಪುರವಾಗಲಿ ತೇರಾಗಲಿ, ಎಳೆಗಳ ಲೆಕ್ಕಕ್ಕೆ ಒಗ್ಗಿದರೆ ಮಾತ್ರ ಅಲ್ಲಿ ಮೂಡುತ್ತದೆ. ವಿಡಿಯೋ ಆಟಗಳ ಪರದೆಯ ಮೇಲಿನ ಹಳೆಯ ಅಕ್ಷರಗಳೂ ಇಂತಹ ಲೆಕ್ಕದಿಂದಲೇ ಹುಟ್ಟಿದವು. 1970 ಮತ್ತು 1980ರ ದಶಕಗಳಲ್ಲಿ ಒಂದು ಅಕ್ಷರಕ್ಕೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು, ಹೀಗೆ 64 ಚೌಕಗಳು. ಇವುಗಳಿಗೆ ಪಿಕ್ಸೆಲ್ ಎಂದು ಹೆಸರು. ಪಕ್ಕದ ಅಕ್ಷರಕ್ಕೆ ತಗಲದಂತೆ ಒಂದು ಸಾಲನ್ನು ಖಾಲಿ ಬಿಟ್ಟರೆ ಉಳಿಯುವುದು ಏಳೇ ಸಾಲು! 1986ರಲ್ಲಿ ಜಪಾನಿನಲ್ಲಿ ಹೊರಬಂದ 'ಡ್ರ್ಯಾಗನ್ ಕ್ವೆಸ್ಟ್' ಎಂಬ ಆಟದಲ್ಲಿ ಮೆಮೊರಿ ಸಾಲದೆ ಕತಕಾನ ಲಿಪಿಯ ಕೆಲವೇ ಅಕ್ಷರಗಳನ್ನು ಸೇರಿಸಬೇಕಾಯಿತು.

ಇಂತಹ ಅಕ್ಷರಗಳನ್ನು ಒರಟೆಂದು ಹಳಿಯುವವರುಂಟು. ಆದರೆ 1984ರ ಮ್ಯಾಕಿಂಟಾಷ್ ಗಣಕಯಂತ್ರಕ್ಕಾಗಿ ಸೂಸನ್ ಕೇರ್ ಅವರು ರೂಪಿಸಿದ 'ಶಿಕಾಗೊ' ಅಕ್ಷರಗಳನ್ನು ನೋಡಿದವರು ಹಾಗೆನ್ನಲಾರರು. ಓರೆಗೆರೆಗಳು ಪರದೆಯ ಮೇಲೆ ಮುರುಕು ಮೆಟ್ಟಿಲುಗಳಂತೆ ಕಾಣುತ್ತವೆ. ಆದ್ದರಿಂದ ಅವರು ಅಡ್ಡ, ನೇರ ಮತ್ತು 45 ಡಿಗ್ರಿಯ ಗೆರೆಗಳನ್ನೇ ಆಶ್ರಯಿಸಿದರು. 2001ರಲ್ಲಿ ಮೊದಲ ಐಪಾಡ್ ಬಂದಾಗ ಅದರ ಪುಟ್ಟ ಪರದೆಗೆ ಇದೇ ಅಕ್ಷರಗಳು ಮತ್ತೆ ಒದಗಿದವು.

ಇಂದಿನ ಪರದೆಗಳಲ್ಲಿ ಚೌಕಗಳಿಗೆ ಬಡತನವಿಲ್ಲ. ಆದರೂ ಹೊಸ ಆಟಗಳಲ್ಲಿ ಹಳೆಯ ಮಾದರಿಯ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಅದು ತಪ್ಪಲ್ಲ. ಒಂದೇ ಪರದೆಯಲ್ಲಿ ದೊಡ್ಡ ಚೌಕದ ಅಕ್ಷರವನ್ನೂ ಸಣ್ಣ ಚೌಕದ ಅಕ್ಷರವನ್ನೂ ಬೆರೆಸಿ, ಸಾಲದೆಂಬಂತೆ ಕೆಲವನ್ನು ಓರೆಯಾಗಿ ವಾಲಿಸುವುದು ಮಾತ್ರ ತಪ್ಪು. ಹೊರಮೈಯನ್ನು ತಂದು ಲೆಕ್ಕವನ್ನು ಬಿಟ್ಟುಬಂದಂತಾಯಿತು. ಎಳೆ ಎಣಿಸದೆ ಬಟ್ಟೆಯ ಮೇಲೆ ಕಸೂತಿಯ ಚಿತ್ರ ಬರೆದಂತೆ.

ಕನ್ನಡಕ್ಕಂತೂ ಆ 64 ಚೌಕಗಳು ಏನೇನೂ ಸಾಲವು. ರೋಮನ್ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಕನ್ನಡದವು ಕೆಳಕ್ಕೂ ಬೆಳೆಯುತ್ತವೆ. 'ರ'ಕಾರಕ್ಕೂ 'ಠ'ಕಾರಕ್ಕೂ ನಡುವೆ ಇರುವುದು ಒಂದೇ ಚುಕ್ಕಿ; 'ದ'ಕಾರ 'ಧ'ಕಾರಗಳ ನಡುವೆ ಒಂದು ಸಣ್ಣ ಸೀಳು. 'ಸ್ತ್ರೀ' ಎಂದು ಬರೆಯಬೇಕಾದರೆ ಸಕಾರದೊಡನೆ ಎರಡು ಒತ್ತಕ್ಷರಗಳಿಗೂ ದೀರ್ಘಕ್ಕೂ ಎಡೆ ಬೇಕು. ಇಂಗ್ಲಿಷಿಗಾಗಿ ಅಳೆದ ಮನೆಯಲ್ಲಿ ಇವನ್ನೆಲ್ಲ ತುರುಕುವುದು ನ್ಯಾಯವಲ್ಲ. ಕನ್ನಡಕ್ಕೆ ಎತ್ತರವಾದ ಮನೆಯನ್ನೇ ಕಟ್ಟಬೇಕು. ಚುಕ್ಕಿ ಚುಕ್ಕಿಯನ್ನೂ ಕನ್ನಡ ಬಲ್ಲವರೇ ಇಡಬೇಕು.

ಇದು ಆಟದ ಮಾತಷ್ಟೇ ಎಂದು ತಳ್ಳಿಹಾಕುವಂತಿಲ್ಲ. ನಾಡಿನ ಎಷ್ಟೋ ಬಸ್ಸುಗಳ ಹಣೆಯ ಮೇಲೆ ಊರಿನ ಹೆಸರು ಬೆಳಕಿನ ಚುಕ್ಕಿಗಳಲ್ಲಿಯೇ ಮೂಡುತ್ತದೆ. 'ಧರ್ಮಸ್ಥಳ' ಎಂಬ ಹೆಸರಿನಲ್ಲಿ ಮಹಾಪ್ರಾಣವಿದೆ, ಅರ್ಕಾವತ್ತಿದೆ, ಥಕಾರದ ಒತ್ತಿದೆ. ಒತ್ತುಗಳು ಕಲಸಿಹೋದರೆ, ಕನ್ನಡವನ್ನಷ್ಟೇ ಓದಬಲ್ಲ ಮುದುಕಿಯೊಬ್ಬಳು ರಾತ್ರಿಯ ನಿಲ್ದಾಣದಲ್ಲಿ ಗಂಟು ಹೊತ್ತುಕೊಂಡು, "ಇದು ಯಾವ ಊರಿನ ಬಸ್ಸಪ್ಪಾ?" ಎಂದು ಕಂಡಕ್ಟರನನ್ನೇ ಕೇಳಬೇಕಾಗುತ್ತದೆ.