ಮದುವೆಯ ಆಲ್ಬಮ್ಮಿನಲ್ಲಿ ಇಲ್ಲದವರು

ಕಳೆದ ಬೇಸಗೆಯಲ್ಲಿ ಟಿಕೋಟಾಕ್ಕೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಫೋಟೋ ಸ್ಟುಡಿಯೊದಲ್ಲಿ ಒಂದು ತಾಸು ಕುಳಿತಿದ್ದೆ. ಮದುವೆಯ ಹಂಗಾಮಾದರೂ ಅಂದು ಮುಹೂರ್ತವಿರಲಿಲ್ಲವಾದ್ದರಿಂದ ಅವನು ಅಂಗಡಿಯಲ್ಲಿಯೇ ಇದ್ದ. ಚಹಾ ತರಿಸಿದ. ಆ ಹೊತ್ತಿನಲ್ಲಿ ಮೂವರು ಗಿರಾಕಿಗಳು ಬಂದರು. ಇಬ್ಬರಿಗೆ ಪಾಸ್‌ಪೋರ್ಟ್ ಅಳತೆಯ ಫೋಟೋ ಬೇಕಾಗಿತ್ತು. ಮೂರನೆಯವನು ತರುಣ, ಜೇಬಿನಿಂದ ಆಧಾರ್ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟ.

"ಅಣ್ಣಾರ, ನಮ್ಮಜ್ಜಿ ತೀರಿಕೊಂಡ್ಲು. ಇದನ್ನ ದೊಡ್ಡದ ಮಾಡಿ ಕಟ್ಟ ಹಾಕಿಸಿ ಕೊಡ್ರಿ. ನಾಡದ ದಿವ್ಸ ಐತಿ."

"ಮನಿಯಾಗ ಬ್ಯಾರೆ ಫೋಟೋ ಇಲ್ಲೇನಪಾ? ಎರಡ ವರ್ಷದ ಹಿಂದ ನಿಮ್ಮ ಅಕ್ಕನ ಮದಿವಿ ನಾವ ತಗದೇವಲ್ಲ?"

"ಅದರಾಗ ಅಜ್ಜಿ ಎಲ್ಲಿ ಅದಾಳ್ರೀ?"

ನನ್ನ ಶಿಷ್ಯ ಉತ್ತರಿಸಲಿಲ್ಲ. ಕಾರ್ಡನ್ನು ಸ್ಕ್ಯಾನರಿನಲ್ಲಿಟ್ಟ. ಅಂಚೆಚೀಟಿಗಿಂತ ತುಸು ದೊಡ್ಡದಾದ ಆ ಮುಖವು ಪರದೆಯ ಮೇಲೆ ಹಿಗ್ಗಿದಂತೆಲ್ಲ ಕಣ್ಣು ಮೂಗುಗಳು ಕರಗಿ ಬೂದು ಕಲೆಗಳಾದವು. ಮುಂದೆ ಅವನು ಯಂತ್ರದ ಸಹಾಯದಿಂದ ಆ ಕಲೆಗಳಿಗೆ ಕಣ್ಣು ರೆಪ್ಪೆಗಳನ್ನು ತಿದ್ದಿ ಕೂರಿಸಿದ. ಚಿತ್ರ ಅಂದವಾಯಿತು. ಅದು ಆ ಅಜ್ಜಿಯೇ ಆಗಿತ್ತೆ ಎಂಬುದನ್ನು ಮೊಮ್ಮಗ ಮಾತ್ರ ಹೇಳಬಲ್ಲ. ಅವನು ಏನೂ ಹೇಳದೆ ಮುಂಗಡ ಕೊಟ್ಟು ಹೋದ.

ನಮ್ಮ ವಿಜಯಪುರಕ್ಕೆ ಛಾಯಾಚಿತ್ರಕಲೆ ಹೊಸದಲ್ಲ. ಇಲ್ಲಿನ ಸ್ಮಾರಕಗಳ ಚಿತ್ರಗಳನ್ನೊಳಗೊಂಡ ದೊಡ್ಡ ಗ್ರಂಥವೊಂದು 1866ರಲ್ಲಿಯೇ ಲಂಡನ್ನಿನಿಂದ ಪ್ರಕಟವಾಯಿತು. ಬಿಗ್ಸ್ ಮತ್ತು ಲಾಕ್ ಎಂಬ ಇಬ್ಬರು ಸೇನಾಧಿಕಾರಿಗಳು ಸ್ಥಳದಲ್ಲಿಯೇ ನಿಂತು ಚಿತ್ರ ತೆಗೆದರು; ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಇತಿಹಾಸವನ್ನು ಬರೆದನು; ಜೇಮ್ಸ್ ಫರ್ಗುಸನ್ ವಾಸ್ತುಶಿಲ್ಪದ ಟಿಪ್ಪಣಿ ಕೊಟ್ಟನು. ಹೀಗೆ ನಮ್ಮೂರಿನ ಕಲ್ಲುಗಳಿಗೆ ನೂರೈವತ್ತು ವರ್ಷಕ್ಕೂ ಹಿಂದಿನ ಭಾವಚಿತ್ರಗಳಿವೆ. ನನ್ನ ಅಜ್ಜಿಯದು ಒಂದೂ ಇಲ್ಲ. ನನ್ನ ಓರಗೆಯ ಬಹಳ ಜನರ ಮನೆಯ ಕಥೆ ಇದೇ. 1993ರಲ್ಲಿ ಚುನಾವಣಾ ಆಯೋಗವು ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಜಾರಿಗೆ ತಂದಾಗ ಹಳ್ಳಿಯ ಎಷ್ಟೋ ಹಿರಿಯರು ಬಾಳಿನಲ್ಲಿ ಮೊದಲ ಬಾರಿಗೆ ಕ್ಯಾಮೆರಾದ ಎದುರು ಕುಳಿತರು.

ನನ್ನ ತಾಯಿಯದು ಮಾತ್ರ ಒಂದು ಚಿತ್ರವಿದೆ. ಅದು ಹೇಗೆ ಉಳಿಯಿತೆಂಬುದನ್ನು ಹೇಳಲೆಂದೇ ಈ ಲೇಖನಕ್ಕೆ ಕುಳಿತಿದ್ದೇನೆ.

1981ರಲ್ಲಿ ಬಬಲೇಶ್ವರದ ನಮ್ಮ ಮನೆಯ ಮುಂದಿನ ಹಂದರದಲ್ಲಿ ತಂಗಿಯ ಮದುವೆ. ಫೋಟೋ ತೆಗೆಯಲು ಆಗಿನ ಬಿಜಾಪುರದಿಂದ ಒಬ್ಬರು ಬಸ್ಸಿನಲ್ಲಿ ಬಂದಿದ್ದರು. ಕೊರಳಲ್ಲಿ ಮೇಲಿನಿಂದ ಬಗ್ಗಿ ನೋಡುವ ಯಾಶಿಕಾ ಕ್ಯಾಮೆರಾ. ಒಂದು ರೀಲಿಗೆ ಹನ್ನೆರಡೇ ಚಿತ್ರ. ನಮ್ಮ ತಂದೆ ಒಪ್ಪಿಕೊಂಡದ್ದು ಎರಡು ರೀಲು. ಅಂದರೆ ಇಡೀ ಮದುವೆಗೆ ಇಪ್ಪತ್ನಾಲ್ಕು. ಅರಿಷಿಣ, ಸುರಿಗೆ, ಅಕ್ಕಿಕಾಳು, ಆಯೇರಿ, ಬೀಗರ ಸಾಲು, ಊರ ಹಿರಿಯರ ಸಾಲು ಎಂದು ಹಂಚಿದರೆ ಉಳಿಯುವುದೇನು? ತಾಯಿ ಹಂದರಕ್ಕೆ ಬರಲೇ ಇಲ್ಲ. ಗುಂಪಿನ ಚಿತ್ರಕ್ಕೆ ಕರೆದರೆ "ನಂದೇನ ಐತಿ ಅಲ್ಲಿ" ಎಂದು ಹಿತ್ತಲಿನ ಒಲೆಯ ಕಡೆಗೆ ಹೋದರು. ಮದುವೆಯ ಮನೆಯಲ್ಲಿ ಹೆತ್ತ ತಾಯಿಗೆ ಬಿಡುವೆಲ್ಲಿ!

ಊಟದ ಪಂಕ್ತಿಗಳು ಮುಗಿದ ಮೇಲೆ ಆ ಫೋಟೋಗ್ರಾಫರರು ತಾವಾಗಿಯೇ ಹಿತ್ತಲಿಗೆ ಹೋದರಂತೆ. ಒಂದು ಮಣೆಯನ್ನು ಬಾಗಿಲ ಬಳಿ ಎಳೆದು, "ಅಮ್ಮಾರ, ಒಂದ ನಿಮಿಷ ಕುಂಡ್ರ್ರಿ, ದಣದೀರಿ" ಎಂದರಂತೆ. ಬೆಳಕು ಬಾಗಿಲಿನಿಂದ ಓರೆಯಾಗಿ ಬೀಳುತ್ತಿತ್ತು. ಫ್ಲ್ಯಾಶ್ ಹಚ್ಚಲಿಲ್ಲ. ಇಳಕಲ್ ಸೀರೆಯ ಸೆರಗು, ಹಣೆಯ ಮೇಲೆ ಬೆವರು, ಕೈಯಲ್ಲಿ ಇನ್ನೂ ಹಿಡಿದೇ ಇದ್ದ ಸೌಟು. ಈ ಚಿತ್ರವನ್ನು ಅವರು ಆಲ್ಬಮ್ಮಿಗೆ ಹಚ್ಚಲಿಲ್ಲ, ಬಿಲ್ಲಿನಲ್ಲಿ ಸೇರಿಸಲಿಲ್ಲ, ನಮಗೆ ಹೇಳಲೂ ಇಲ್ಲ.

1992ರಲ್ಲಿ ತಾಯಿ ತೀರಿಕೊಂಡರು. ಗೋಡೆಗೆ ಹಾಕಲು ಒಂದು ಫೋಟೋ ಇಲ್ಲವೆಂದು ಎಲ್ಲರೂ ಪೇಚಾಡುತ್ತಿರುವಾಗ, ಏನಾದರೂ ಸಿಗಬಹುದೆಂಬ ದೂರದ ಆಸೆಯಿಂದ ನಾನು ಆ ಸ್ಟುಡಿಯೊಕ್ಕೆ ಹೋದೆ. ಅವರು ಉದ್ದನೆಯ ರಿಜಿಸ್ಟರ್ ತೆಗೆದು 1981ರ ಪುಟಗಳಲ್ಲಿ ಬೆರಳಾಡಿಸಿದರು. ನಮ್ಮ ತಂದೆಯ ಹೆಸರು, ಊರು, ತಾರೀಖು, ಮುಂದೆ ಒಂದು ಸಂಖ್ಯೆ. ಆ ಸಂಖ್ಯೆಯ ಲಕೋಟೆ ಕಪಾಟಿನಲ್ಲಿತ್ತು. ನೆಗೆಟಿವನ್ನು ಬೆಳಕಿಗೆ ಹಿಡಿದು, "ಗುರುಗಳ, ಇದು ಐತಿ ನೋಡ್ರಿ, ಆಗುತ್ತೇನು?" ಎಂದು ಕೇಳಿದರು. ನೆಗೆಟಿವ್‌ನಲ್ಲಿ ಮುಖ ಕಪ್ಪಾಗಿ, ಕೂದಲು ಬೆಳ್ಳಗೆ ಕಾಣುತ್ತದೆ. ಆದರೂ ತಾಯಿಯನ್ನು ಗುರುತಿಸಲು ನನಗೆ ಕ್ಷಣವೂ ಬೇಕಾಗಲಿಲ್ಲ.

ಆ ಚಿತ್ರ ಇಂದಿಗೂ ಮಾಸಿಲ್ಲ. ಕಪ್ಪು-ಬಿಳುಪು ಚಿತ್ರದಲ್ಲಿ ಇರುವುದು ಬೆಳ್ಳಿಯ ಕಣಗಳು; ಹೈಪೋ ದ್ರಾವಣದಲ್ಲಿ ಅದ್ದಿದ ಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದಿದ್ದರೆ ಅದು ಬಹುಕಾಲ ಬಾಳುತ್ತದೆ, ಅವಸರದಲ್ಲಿ ತೊಳೆದರೆ ಕೆಲವೇ ವರ್ಷಗಳಲ್ಲಿ ಹಳದಿಯಾಗುತ್ತದೆ. ಬೇಸಗೆಯಲ್ಲಿ ನೀರಿಗೆ ಪರದಾಡುವ ನಮ್ಮ ಊರಿನಲ್ಲಿ ಕುಳಿತು ಆ ಮನುಷ್ಯ ಎಷ್ಟು ಕೊಡ ನೀರನ್ನು ಆ ಕಾಗದಕ್ಕೆ ಖರ್ಚು ಮಾಡಿದರೋ!

ಈಗ ಇನ್ನೊಂದು ಮದುವೆಯ ಮಾತು. 2011ರಲ್ಲಿ ನಮ್ಮ ಅಣ್ಣನ ಮಗಳ ಮದುವೆ ನಗರದ ಕಲ್ಯಾಣಮಂಟಪದಲ್ಲಿ ಆಯಿತು. ಇಬ್ಬರು ಫೋಟೋಗ್ರಾಫರರು, ಒಬ್ಬ ವಿಡಿಯೊದವನು. ಎರಡು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದಿದ್ದೇವೆಂದು ಹೆಮ್ಮೆಯಿಂದ ಹೇಳಿದರು. ಎತ್ತಲು ಎರಡು ಕೈ ಬೇಕಾಗುವಂಥ ಆಲ್ಬಮ್ಮನ್ನೂ ಒಂದು ಡಿವಿಡಿಯನ್ನೂ ಕೊಟ್ಟರು. 2021ರಲ್ಲಿ ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಅಣ್ಣ ಹೋದ. ಆಲ್ಬಮ್ ತೆಗೆದು ನೋಡಿದೆವು. ಅಣ್ಣ ಹತ್ತೊಂಬತ್ತು ಕಡೆ ಇದ್ದಾನೆ. ಒಂದರಲ್ಲಿ ಬೆನ್ನು, ಒಂದರಲ್ಲಿ ಹೃದಯದಾಕಾರದ ಚೌಕಟ್ಟಿನ ಹೊರಗೆ ಅರ್ಧ ಕಿವಿ, ಒಂದರಲ್ಲಿ ಮಗಳನ್ನು ಧಾರೆಯೆರೆದು ಕೊಡುವ ಕೈ ಮಾತ್ರ, ಮುಖದ ಮೇಲೆ ಗುಲಾಬಿ ಹೂಗಳನ್ನು ತೇಲಿಬಿಟ್ಟಿದ್ದಾರೆ. ಡಿವಿಡಿ ಯಾವ ಕಂಪ್ಯೂಟರಿನಲ್ಲಿಯೂ ತೆರೆಯಲಿಲ್ಲ. ಚಿತ್ರ ತೆಗೆದವರಿಗೆ ದೂರವಾಣಿ ಮಾಡಿದರೆ, "ಆ ಹಾರ್ಡ್ ಡಿಸ್ಕ್ ಕೆಟ್ಟು ಬಹಳ ವರ್ಷ ಆತ್ರಿ" ಎಂಬ ಉತ್ತರ. ಕೊನೆಗೆ ಅಣ್ಣನ ಭಾವಚಿತ್ರವನ್ನೂ ಆಧಾರ್ ಕಾರ್ಡಿನಿಂದಲೇ ಮಾಡಿಸಬೇಕಾಯಿತು.

ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಕೆಟ್ಟದ್ದು ಎಂದು ವಾದಿಸುವವನು ನಾನಲ್ಲ. ಹಳೆಯ ಸ್ಟುಡಿಯೊಗಳಲ್ಲಿ ಗೆದ್ದಲು ತಿಂದ, ಮಳೆಯಲ್ಲಿ ತೊಯ್ದ, ಮಾಲೀಕ ತೀರಿಕೊಂಡ ಮೇಲೆ ತಿಪ್ಪೆ ಸೇರಿದ ನೆಗೆಟಿವ್‌ಗಳಿಗೂ ಲೆಕ್ಕವಿಲ್ಲ. ಇಂದಿನ ಕ್ಯಾಮೆರಾ ಕತ್ತಲೆಯ ಅಡುಗೆಮನೆಯಲ್ಲಿಯೂ ಸ್ಪಷ್ಟವಾಗಿ ಚಿತ್ರ ತೆಗೆಯಬಲ್ಲದು, ಖರ್ಚೂ ಇಲ್ಲ. ಇಪ್ಪತ್ನಾಲ್ಕರಲ್ಲಿ ಒಂದನ್ನು ಹಿತ್ತಲಿಗೆ ಕೊಟ್ಟ ಮನುಷ್ಯ ನಿಜವಾಗಿ ತನ್ನ ಜೇಬಿನಿಂದ ಕೊಟ್ಟ. ಎರಡು ಸಾವಿರದಲ್ಲಿ ಒಂದನ್ನು ಕೊಡಲು ಏನು ಅಡ್ಡಿ?

ಈ ಪ್ರಶ್ನೆಯನ್ನು ನಾನು ಶಿಷ್ಯನಿಗೆ ಕೇಳಿದೆ. ಅವನ ಉತ್ತರವನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ.

"ಸರ್, ಬುಕಿಂಗಿಗೆ ಬಂದವ್ರು ಡ್ರೋನ್ ಐತೇನು, ಪ್ರೀ-ವೆಡ್ಡಿಂಗ್ ಎಲ್ಲಿ ಮಾಡ್ತೀರಿ ಅಂತ ಕೇಳ್ತಾರ. ನಮ್ಮವ್ವಂದೊಂದು ಚಲೋ ಫೋಟೋ ತಗೀರಿ ಅಂತ ಒಬ್ರೂ ಕೇಳೂದಿಲ್ಲ" ಎಂದ. ಬಳಿಕ ಎದ್ದು ಒಳಗಿನ ಕಪಾಟನ್ನು ತೆರೆದು ತೋರಿಸಿದ. ಮದುವೆಯ ಆಲ್ಬಮ್ಮುಗಳು ಪೆಟ್ಟಿಗೆ ಸಮೇತ ಸಾಲಾಗಿ ನಿಂತಿದ್ದವು. ಮುಂಗಡ ಕೊಟ್ಟು, ಮದುವೆ ಮುಗಿದ ಮೇಲೆ ಬಾಕಿ ಕೊಡಲು ಬಾರದೆ ಹೋದವರ ಆಲ್ಬಮ್ಮುಗಳು. ಲ್ಯಾಬಿಗೆ ಅವನು ಹಣ ಕಟ್ಟಿಯಾಗಿದೆ. ಒಣದ್ರಾಕ್ಷಿ ಮಾರಾಟವಾದ ಮೇಲೆ ಕೊಡುತ್ತೇನೆಂದವರಿದ್ದಾರೆ. ಆ ವರ್ಷ ಅಕಾಲಿಕ ಮಳೆ ಬಿದ್ದು ದ್ರಾಕ್ಷಿ ಕೆಟ್ಟಿತು, ಅವರನ್ನು ಹೇಗೆ ಕೇಳುವುದು? ದ್ರಾಕ್ಷಿ ಸೀಮೆಯ ಫೋಟೋಗ್ರಾಫರನಿಗೂ ಮೋಡ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲ, ಆಗ ಶಾಲೆಯ ಗುಂಪು ಚಿತ್ರ, ಅರ್ಜಿಗಳಿಗೆ ಅಂಟಿಸುವ ಫೋಟೋ, ಜೆರಾಕ್ಸ್ ಇವುಗಳಲ್ಲಿಯೇ ಅಂಗಡಿಯ ಬಾಡಿಗೆ ಹುಟ್ಟಬೇಕು. ಅದಕ್ಕೂ ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ.

ಆದ್ದರಿಂದ ನನ್ನ ಮಾತು ಮೊದಲು ಮದುವೆ ಮಾಡುವವರಿಗೆ. ಹಂದರದವನಿಗೆ, ಅಡುಗೆಯವನಿಗೆ, ಬ್ಯಾಂಡಿನವನಿಗೆ ಅಂದೇ ಎಣಿಸಿ ಕೊಡುತ್ತೀರಿ. ಚಿತ್ರದವನಿಗೆ ಮಾತ್ರ ವರ್ಷಗಟ್ಟಲೆ ಬಾಕಿ ಏಕೆ? ಅವನಿಗೆ ಕೊಡದ ಹಣ ಅವನ ಎರಡನೆಯ ಹಾರ್ಡ್ ಡಿಸ್ಕಿನ ಹಣ. ನಿಮ್ಮ ಚಿತ್ರಗಳು ಒಂದೇ ಡಬ್ಬಿಯಲ್ಲಿದ್ದು ಒಂದು ದಿನ ಕೆಟ್ಟುಹೋಗುವುದಕ್ಕೆ ಆ ಬಾಕಿಯೂ ಒಂದು ಕಾರಣ. ಆಲ್ಬಮ್ಮಿನ ಹಾಳೆ ನಾಲ್ಕು ಕಡಿಮೆಯಾದರೂ ಚಿಂತೆಯಿಲ್ಲ, ಮನೆಯ ಹಿರಿಯರ ಬಿಡಿ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿಕೊಡಲು ಕೇಳಿ.

ಚಿತ್ರ ತೆಗೆಯುವ ತರುಣರಿಗೂ ಒಂದು ಮಾತಿದೆ. ಗಿರಾಕಿಯ ಒಪ್ಪಿಗೆಯಿಲ್ಲದೆ ಮದುಮಗಳ ಚಿತ್ರವನ್ನು ಇನ್‌ಸ್ಟಾಗ್ರಾಮಿಗೆ ಏರಿಸುವುದು ಈಗ ರೂಢಿಯಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಭಾವಚಿತ್ರದ ಮೊದಲ ಒಡೆತನವು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ. ಕ್ಯಾಮೆರಾ ನಮ್ಮದು, ಚಿತ್ರವೂ ನಮ್ಮದು ಎಂಬ ಮಾತು ನಡೆಯುವುದಿಲ್ಲ. ಒಂದು ಹಾಳೆಯ ಕರಾರಿನಲ್ಲಿ ಇದನ್ನೂ, ಬಾಕಿ ಕೊಡುವ ದಿನವನ್ನೂ, ಚಿತ್ರಗಳನ್ನು ಎಷ್ಟು ವರ್ಷ ಕಾಯುತ್ತೀರಿ ಎಂಬುದನ್ನೂ ಬರೆದು ಇಬ್ಬರೂ ಸಹಿ ಮಾಡುವುದು ಒಳ್ಳೆಯದು. ಕಾಯುವುದಾದರೆ ಎರಡು ಪ್ರತಿ ಮಾಡಿ, ಎರಡು ಬೇರೆ ಕಟ್ಟಡಗಳಲ್ಲಿಡಿ. ಅದಕ್ಕೊಂದು ರಿಜಿಸ್ಟರ್ ಇರಲಿ, ಕಾಗದದ್ದು. ಸಂಖ್ಯೆಯಿಲ್ಲದ ಸಾವಿರ ಚಿತ್ರಗಳಲ್ಲಿ ಹತ್ತು ವರ್ಷದ ಮೇಲೆ ಯಾರು ಯಾರನ್ನು ಹುಡುಕುತ್ತಾರೆ?

ಇದನ್ನೆಲ್ಲ ಶಿಷ್ಯನ ಎದುರು ತುಸು ಜೋರಾಗಿಯೇ ಹೇಳಿದೆನೆಂದು ತೋರುತ್ತದೆ. ಮೂವತ್ತು ವರ್ಷ ಪಾಠ ಹೇಳಿದ ಗಂಟಲು. ಅವನು ನಕ್ಕು ಸುಮ್ಮನಾದ.

ಎರಡು ವಾರದ ತರುವಾಯ ಟಿಕೋಟಾದ ಬಳಿಯ ಒಂದು ತೋಟದ ಮದುವೆಗೆ ಹೋಗಿದ್ದೆ. ಅವನೇ ಚಿತ್ರದವನು. ಅಕ್ಕಿಕಾಳು ಬಿದ್ದ ಮೇಲೆ ಹುಡುಗರು ವೇದಿಕೆಯ ಸುತ್ತ ನೆರೆದಿದ್ದರೆ, ಇವನು ಹಂದರದ ಆಚೆ ಬೇವಿನ ಮರದ ನೆರಳಿನಲ್ಲಿ ಒಂದು ಕುರ್ಚಿ ಹಾಕಿದ್ದ. ರುಮಾಲಿನ ಅಜ್ಜಂದಿರು, ಕುಬಸ ತೊಟ್ಟ ಅಜ್ಜಿಯರು ಒಬ್ಬೊಬ್ಬರಾಗಿ ಬಂದು ಕುಳಿತು ಏಳುತ್ತಿದ್ದರು. ಒಬ್ಬೊಬ್ಬರಿಗೆ ಎರಡು ನಿಮಿಷವೂ ಹಿಡಿಯುತ್ತಿರಲಿಲ್ಲ. ಪಕ್ಕದಲ್ಲಿ ಅವನ ಸಹಾಯಕ ಹುಡುಗ ನೂರು ಪುಟದ ನೋಟಬುಕ್ಕಿನಲ್ಲಿ ಹೆಸರು, ಊರು, ಸಂಖ್ಯೆ ಬರೆಯುತ್ತಿದ್ದ. ಅಕ್ಷರ ಚೆನ್ನಾಗಿರಲಿಲ್ಲ, ಹೇಳಿದೆ.

"ಸರ್, ನೀವೂ ಕುಂಡ್ರ್ರಿ" ಎಂದ.

ಚಷ್ಮಾ ತೆಗೆಯಬೇಕೆ ಎಂದು ಕೇಳಿದೆ. ಬೇಡವೆಂದ. ನನ್ನ ಸಂಖ್ಯೆ 17.